ವಾರಕ್ಕೊಂದು ದೇಶ

ಹೋದ ದೀಪಾವಳಿಗೆ ಬಾಗಲಕೋಟೆಯಿಂದ ಬಂದ ಸೊಸೆ ಅಮೀನಗಡದ ಕರದಂಟಿನ ಡಬ್ಬಿಯ ಜೊತೆಗೆ ಒಂದು ದಪ್ಪನೆಯ ನೋಟುಪುಸ್ತಕವನ್ನೂ ನನ್ನ ಕೈಗಿಟ್ಟಳು.

“ಅತ್ತೀ, ಇದಕ್ಕೊಂದು ಮುನ್ನುಡಿ ಬರದ್ ಕೊಡ್ರಿ. ನಮ್ಮ ಸೆಕ್ಟರಿನ ನಾಕೈದು ಮಂದಿ ಕಾಪಿ ಕೇಳ್ಯಾರ. ಝೆರಾಕ್ಸ್ ಮಾಡಿಸಿ ಕೊಡಬೇಕಂತ ಮಾಡೀನಿ.”

ಕರದಂಟು ಎರಡೇ ದಿನದಲ್ಲಿ ಮುಗಿಯಿತು. ಮುನ್ನುಡಿ ಮಾತ್ರ ಸಂಕ್ರಾಂತಿ ಕಳೆದರೂ ಮೊದಲ ಸಾಲು ದಾಟಲಿಲ್ಲ. ಹೊಗಳಿ ಬರೆದರೆ ಸುಳ್ಳಾಗುತ್ತದೆ, ಇದ್ದದ್ದು ಇದ್ದ ಹಾಗೆ ಬರೆದರೆ ಸೊಸೆಯ ಮನಸ್ಸು ನೋಯುತ್ತದೆ. ಅತ್ತೆಯಾದವಳು ಅಡಿಗೆಯಲ್ಲಿ ತಪ್ಪು ತೆಗೆದರೇ ವಾರಗಟ್ಟಲೆ ಮಾತಾಗುವ ಸಂಸಾರದಲ್ಲಿ, ಸೊಸೆಯ ಪುಸ್ತಕದಲ್ಲಿ ತಪ್ಪು ತೆಗೆಯುವುದು ಸಣ್ಣ ಸಾಹಸವಲ್ಲ. ಆದರೆ ಝೆರಾಕ್ಸ್ ಪ್ರತಿಗಳು ನಾಲ್ಕೈದು ಮನೆಗೆ ಹೋಗುತ್ತವೆ, ಅಲ್ಲಿಂದ ಇನ್ನಷ್ಟು ಮನೆಗೆ. ಹಾಗಾಗಿ ಬರೆಯಲೇಬೇಕಾಯಿತು.

ಮೊದಲು ಈ ಪುಸ್ತಕ ಹುಟ್ಟಿದ ಬಗೆ ಹೇಳುತ್ತೇನೆ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಮೊಮ್ಮಗಳಿಗೆ ಆರು ವರ್ಷ, ಮೊಮ್ಮಗನಿಗೆ ಮೂರೂವರೆ. ಮಗನ ನೌಕರಿ ದೂರದ ಊರಿನಲ್ಲಿ. ನವನಗರದ ಆ ಮನೆಯಲ್ಲಿ ಸೊಸೆ ಒಬ್ಬಳೇ ಎರಡು ಮಕ್ಕಳನ್ನು ಕಟ್ಟಿಕೊಂಡು ಕೂತಳು. ಮೊಬೈಲಿನ ಪಾಠ ನಾಲ್ಕು ದಿನ ನಡೆಯಿತು, ಐದನೆಯ ದಿನ ಮಕ್ಕಳು ಮೊಬೈಲನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟರು. ಆಗ ಅವಳಿಗೆ ಸಿಕ್ಕಿದ್ದು ಅಮೆರಿಕದ ಕಡೆ ಮನೆಯಲ್ಲೇ ಮಕ್ಕಳಿಗೆ ಕಲಿಸುವ ತಾಯಂದಿರ ಒಂದು ಕ್ರಮ. ಒಂದು ವಾರಕ್ಕೆ ಒಂದೇ ವಿಷಯ, ಎಲ್ಲ ಪಾಠವೂ ಅದರ ಸುತ್ತಲೇ. ಅದಕ್ಕೆ ಅವರು ‘ಯೂನಿಟ್ ಸ್ಟಡಿ’ ಎನ್ನುತ್ತಾರೆ. ಸೊಸೆ ಆರಿಸಿಕೊಂಡ ವಿಷಯ ದೇಶಗಳು.

ಸೋಮವಾರ ಆ ದೇಶದ ಬಾವುಟ, ನಕಾಶೆ. ಮಂಗಳವಾರ ಮನೆ, ಉಡುಪು. ಬುಧವಾರ ಪ್ರಾಣಿ ಪಕ್ಷಿ. ಗುರುವಾರ ಅಡಿಗೆ. ಶುಕ್ರವಾರ ಕಥೆ. ಶನಿವಾರ ಸಂಜೆ ಪ್ರದರ್ಶನ. ಆ ಪ್ರದರ್ಶನ ನಮಗೆ ಇಳಕಲ್ಲಿನಲ್ಲಿ ಮೊಬೈಲಿನ ಮೂಲಕ ಕಾಣುತ್ತಿತ್ತು. “ಆಯಿ, ಈ ವಾರ ನಾವು ಜಪಾನದಾಗ ಅದೀವಿ” ಎಂದು ಮೊಮ್ಮಗಳು ನನ್ನದೇ ಹಳೆಯ ಇಳಕಲ್ ಸೀರೆಯನ್ನು ಕಿಮೋನೋ ಮಾಡಿ ಸುತ್ತಿಕೊಂಡು ಬಾಗಿ ನಮಸ್ಕರಿಸುವಳು. ಈಜಿಪ್ಟ್ ವಾರದಲ್ಲಿ ಸಣ್ಣವನಿಗೆ ಮೈತುಂಬ ಬ್ಯಾಂಡೇಜು ಸುತ್ತಿ ಮಮ್ಮಿ ಮಾಡಿದ್ದರು. ಅವರ ಮುತ್ಯಾ, ಅಂದರೆ ನಮ್ಮನೆಯವರು, ಹುಡುಗನಿಗೆ ಏಟು ಬಿದ್ದಿದೆಯೆಂದು ಗಾಬರಿಯಾಗಿ ಕನ್ನಡಕ ಹುಡುಕಿದರು.

ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟು ಹೊತ್ತಿಗೆ ಮಕ್ಕಳು ಇಪ್ಪತ್ತು ದೇಶ ತಿರುಗಿ ಬಂದಿದ್ದರು, ಅವಳಿಗೂ ರುಚಿ ಹತ್ತಿತ್ತು. ಇನ್ನೂ ಸ್ವಲ್ಪ ದಿನ ಮನೆಯಲ್ಲೇ ಇರಲಿ ಎಂದಳು. ಆ ಸ್ವಲ್ಪ ದಿನ 2023ರ ಜೂನ್‌ವರೆಗೆ ಬೆಳೆಯಿತು.

ಒಳ್ಳೆಯದನ್ನು ಮೊದಲು ಹೇಳಿಬಿಡಬೇಕು. ಈ ಕ್ರಮದಲ್ಲಿ ಹೆದರಿಕೆಯಿಲ್ಲ. ಸಣ್ಣವನು ಅಕ್ಷರ ಕಲಿತದ್ದೇ ನಕಾಶೆಯ ಮೇಲಿನ ಊರುಗಳನ್ನು ಬೆರಳಿಟ್ಟು ಓದುತ್ತ. ದೊಡ್ಡವಳು ಹಿಟ್ಟು ಅಳೆಯುತ್ತ ಅರ್ಧ, ಕಾಲು, ಮುಕ್ಕಾಲು ಕಲಿತಳು. ನಾನು ಮೂವತ್ತೊಂದು ವರ್ಷ ಹುಡುಗಿಯರ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ನನ್ನ ಭೂಗೋಳದ ಪಾಠವೆಂದರೆ ರಾಜಧಾನಿಗಳನ್ನು ಕೂಗಿಸುವುದು. ನಾನು “ಆಸ್ಟ್ರೇಲಿಯಾ” ಅಂದರೆ ಅರವತ್ತು ಹುಡುಗಿಯರು “ಕ್ಯಾನ್‌ಬೆರಾ” ಎಂದು ಕೂಗುವರು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದುಹೋದ ಮೇಲೂ ನಮ್ಮ ಗೋಡೆಯ ನಕಾಶೆಯಲ್ಲಿ ಅದು ಬಹಳ ವರ್ಷ ಅಖಂಡವಾಗಿಯೇ ಉಳಿದಿತ್ತು, ನಾನೂ ಹಾಗೆಯೇ ಕಲಿಸಿದೆ. ಆದ್ದರಿಂದ ಮುಂದೆ ಬರೆಯುವ ತಕರಾರೆಲ್ಲ ಸೊಸೆಗಿಂತ ಮೊದಲು ನನಗೇ ತಗಲುವಂಥದು.

ನನ್ನ ಕಣ್ಣು ತೆರೆಸಿದ್ದು ಬಾದಾಮಿ. 2022ರ ಡಿಸೆಂಬರಿನಲ್ಲಿ ಎಲ್ಲರೂ ಕೂಡಿ ಅಲ್ಲಿಗೆ ಹೋಗಿದ್ದೆವು. ಶಾಲೆಯ ಪ್ರವಾಸದ ದಿನಗಳು. ಗುಹೆಗಳ ಮೆಟ್ಟಿಲ ತುಂಬ ಮಕ್ಕಳು, ಮಕ್ಕಳಿಗಿಂತ ಹೆಚ್ಚು ಮಂಗಗಳು. ಮೂರನೆಯ ಗುಹೆಯ ಮುಂದೆ, ಮಂಗಳೇಶನು ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ಬರೆಸಿದ ಶಾಸನವಿರುವ ಜಾಗದಲ್ಲಿ, ಒಬ್ಬ ಟೀಚರು ತನ್ನ ಶಾಲೆಯ ಮಕ್ಕಳ ತಲೆ ಎಣಿಸುತ್ತ ನಿಂತಿದ್ದಳು. ಗುಂಗುರು ಕೂದಲು, ಕಡುಗಪ್ಪು ಮೈಬಣ್ಣ, ಹಸಿರು ಚೂಡಿದಾರ. ನಮ್ಮ ಸಣ್ಣವನು ನನ್ನ ಕೈ ಬಿಡಿಸಿಕೊಂಡು ಓಡಿಹೋಗಿ ಅವಳ ಮುಂದೆ ನಿಂತ. ತಾಯಿ ಕಲಿಸಿದ ಇಂಗ್ಲಿಷಿನಲ್ಲಿ, “ಹಲೋ ಮ್ಯಾಮ್, ಆರ್ ಯೂ ಫ್ರಂ ಆಫ್ರಿಕಾ?” ಎಂದ. ಅಷ್ಟಕ್ಕೇ ಬಿಡಲಿಲ್ಲ. “ನಿಮ್ಮ ಮನಿ ಹತ್ರ ಸಿಂಹ ಅದಾವೇನ್ರಿ?” ಎಂದು ಕನ್ನಡಕ್ಕೂ ಇಳಿದ.

ಆಕೆಯ ಎಣಿಕೆ ನಿಂತಿತು. ಅವನನ್ನು ನೋಡಿ ನಕ್ಕಳು. “ನಮ್ಮ ಮನ್ಯಾಗ ಎರಡು ಎಮ್ಮಿ ಅದಾವಪಾ. ನಮ್ಮೂರು ಹಳಿಯಾಳ. ನೀ ಯಾವೂರಾಂವ?”

ಅವಳ ನಗುವಿನಲ್ಲಿ ಸಿಟ್ಟಿರಲಿಲ್ಲ. ಈ ಪ್ರಶ್ನೆ ಅವಳಿಗೆ ಹೊಸದಲ್ಲವೆಂಬುದು ಮಾತ್ರ ತಿಳಿಯುವಂತಿತ್ತು. ನಾನು ಹೋಗಿ ಕ್ಷಮೆ ಕೇಳಿದೆ. “ಇರ್ಲಿ ಬಿಡ್ರಿ ಅಮ್ಮಾ, ಸಣ್ಣ ಹುಡುಗ. ದೊಡ್ಡವರೂ ಕೇಳ್ತಾರ” ಅಂದಳು. ಅವಳು ಸಿದ್ದಿ ಜನಾಂಗದವಳು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ತಲೆತಲಾಂತರದಿಂದ ಬದುಕಿದವರು ಅವರು. ಅವರ ಪೂರ್ವಿಕರನ್ನು ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಆಫ್ರಿಕದ ಪೂರ್ವ ತೀರದಿಂದ ಗುಲಾಮರನ್ನಾಗಿ ತಂದರು. ನಮ್ಮ ಜಿಲ್ಲೆಯಿಂದ ಒಂದು ಹಗಲಿನ ಬಸ್ಸಿನ ದಾರಿಯಲ್ಲಿರುವ ಇವರಿಗೆ ಪರಿಶಿಷ್ಟ ಪಂಗಡದ ಮನ್ನಣೆ ಸಿಕ್ಕಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, 2020ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು. ನಮ್ಮ ಮೊಮ್ಮಗನಿಗೆ ಕೆನ್ಯಾದ ಸಿಂಹ ಗೊತ್ತಿತ್ತು. ಹಳಿಯಾಳದ ಮನುಷ್ಯರು ಗೊತ್ತಿರಲಿಲ್ಲ.

ಆ ರಾತ್ರಿ ಮಲಗುವಾಗ ದೊಡ್ಡವಳು ನನ್ನ ಸೆರಗು ಹಿಡಿದು ಕೇಳಿದಳು: “ಆಯಿ, ನಾವು ತಪ್ಪು ಓದೀವೇನು?”

ಆ ಮಗು ಎರಡು ವರ್ಷ ಕತ್ತರಿ, ಗೋಂದು, ಬಣ್ಣದ ಕಾಗದ ಹಿಡಿದು ಓದಿದ್ದು ನನಗೆ ಗೊತ್ತು. “ತಪ್ಪಲ್ಲ ಯವ್ವಾ, ಅರ್ಧ ಓದೀರಿ” ಎಂದೆ. ಉಳಿದರ್ಧ ಯಾವುದೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಆಗ ನನ್ನ ಬಳಿ ಉತ್ತರವಿರಲಿಲ್ಲ.

ಈಗ ನೋಟುಪುಸ್ತಕಕ್ಕೆ ಬರುತ್ತೇನೆ. ಒಟ್ಟು ನಲವತ್ತು ವಾರ. ಇಂಗ್ಲೆಂಡಿಗೆ ಒಂದು, ಫ್ರಾನ್ಸಿಗೆ ಒಂದು, ಇಟಲಿಗೆ, ಹಾಲೆಂಡಿಗೆ, ಸ್ವಿಟ್ಜರ್ಲೆಂಡಿಗೆ ಒಂದೊಂದು. ಆಫ್ರಿಕದಿಂದ ಈಜಿಪ್ಟಿಗೆ ಒಂದು ವಾರ. ಆಮೇಲೆ ಒಂದು ವಾರದ ಹೆಸರೇ ‘ಆಫ್ರಿಕಾ’. 54 ದೇಶಗಳಿರುವ ಖಂಡಕ್ಕೆ, ಈಜಿಪ್ಟನ್ನು ಕಳೆದರೆ, ಆರು ದಿನ. ಅದರಲ್ಲಿ ಒಂದು ದಿನ ಸಿಂಹಕ್ಕೆ, ಒಂದು ದಿನ ಡೋಲಿಗೆ. ನೇಪಾಳ, ಶ್ರೀಲಂಕಾ ಇವೆ, ಪಾಕಿಸ್ತಾನ, ಬಾಂಗ್ಲಾದೇಶ ಇಲ್ಲ. ದೂರದ ದೇಶ ಹೊರಗಿನವರು ತಯಾರಿಸಿದ ಮಾದರಿಯಿಂದ ಬಂತು, ಹತ್ತಿರದ ದೇಶದ ಮಾದರಿ ಅಲ್ಲಿರಲಿಲ್ಲ. ಸೊಸೆ ಬೇಕೆಂದು ಬಿಟ್ಟಿದ್ದಲ್ಲ. ಸಿಕ್ಕ ಅಳತೆಯಲ್ಲಿ ಕುಪ್ಪಸ ಹೊಲಿದಳು.

ಎರಡನೆಯ ತಕರಾರು ಇದಕ್ಕಿಂತ ದೊಡ್ಡದು. ಎಲ್ಲ ದೇಶವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆ. ಬಾವುಟ, ಉಡುಪು, ಪ್ರಾಣಿ, ತಿಂಡಿ. ಈ ದೇಶಗಳಲ್ಲಿ ಯಾರೂ ದುಡಿಯಲು ಹೋಗುವುದಿಲ್ಲ, ಯಾರಿಗೂ ಸಾಲವಿಲ್ಲ, ಯಾರ ಮನೆಯಲ್ಲೂ ಮಳೆ ಕೈಕೊಟ್ಟ ಮಾತಿಲ್ಲ. ಎಲ್ಲರೂ ಹಬ್ಬದ ಬಟ್ಟೆ ತೊಟ್ಟು ನಿಂತಿದ್ದಾರೆ. ಜಾತ್ರೆಯಲ್ಲಿ ಫೋಟೋ ಸ್ಟುಡಿಯೋದವನ ಪರದೆಯ ಮುಂದೆ ನಾವೆಲ್ಲ ನಿಲ್ಲುತ್ತಿದ್ದೆವಲ್ಲ, ಹಾಗೆ.

ಬಾದಾಮಿಯಿಂದ ಬಂದ ಮೇಲೆ ಒಂದು ದಿನ ದೊಡ್ಡವಳಿಗೆ ಹೇಳಿದೆ. “ಈಗ ಜಪಾನದಾಗ ಒಬ್ಬಾಕಿ ನಿನ್ನಂಥ ಹುಡುಗಿ ಭಾರತದ ವಾರ ಮಾಡ್ಲಿಕ್ಹತ್ಯಾಳ ಅಂತ ತಿಳಕೊ. ಏನೇನ್ ಬರೀತಾಳ ಹೇಳು.” ಅವಳು ಬೆರಳು ಮಡಚಿದಳು. ತಾಜಮಹಲು, ಆನೆ, ನವಿಲು, ಸೀರೆ, ಮಸಾಲೆ. ಬೆರಳು ಮುಗಿದವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ನಾವು ಎಲ್ಲದೀವಿ?” ಎಂದಳು. ಸಿಟ್ಟು ಬಂದಿತ್ತು ಅವಳಿಗೆ. “ರೊಟ್ಟಿ ಬರಿಯಂಗಿಲ್ಲೇನು ಆಕಿ? ಮುತ್ಯಾನ ಹೊಲಾ?” ಆ ಸಿಟ್ಟು ಬಂದದ್ದು ನನಗೆ ಸಮಾಧಾನವಾಯಿತು. ನಲವತ್ತು ವಾರದಲ್ಲಿ ಕಲಿಯದಿದ್ದುದನ್ನು ಅವಳು ಆ ಹೊತ್ತಿನಲ್ಲಿ ಕಲಿತಳು ಅನ್ನಿಸಿತು.

ಹೊರಗಿನವರು ನಮ್ಮನ್ನು ಒಂದು ಪುಟದಲ್ಲಿ ಬರೆದಿಡುವುದು ಹೊಸದೇನಲ್ಲ. ಏಳನೆಯ ಶತಮಾನದಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದಿದ್ದ. ಇಲ್ಲಿಯ ಜನ ಉಪಕಾರ ಮರೆಯುವವರಲ್ಲ, ಅಪಕಾರ ಮಾಡಿದವರನ್ನು ಬಿಡುವವರೂ ಅಲ್ಲ ಎಂಬರ್ಥದಲ್ಲಿ ಬರೆದ. ಯುದ್ಧಕ್ಕೆ ಮುನ್ನ ಆನೆಗಳಿಗೆ ಸೆರೆ ಕುಡಿಸುವ ಸಂಗತಿಯನ್ನೂ ಬರೆದ. ಇದನ್ನು ಹೇಳಿದಾಗ ಸಣ್ಣವನು, “ನಾವು ಆನಿಗೆ ಸೆರೆ ಕುಡಿಸ್ತಿದ್ದಿವಾ?” ಎಂದು ಬಾಯಿ ತೆರೆದ. ಆ ಯಾತ್ರಿಕ ಸುಳ್ಳು ಬರೆದನೆಂದಲ್ಲ. ಆದರೆ ಅಷ್ಟನ್ನೇ ಓದಿದ ಚೀನಾದ ಮಗು ನಮ್ಮನ್ನು ಕಂಡರೆ, ನಮ್ಮ ಸಣ್ಣವನು ಕೇಳಿದಂತೆಯೇ, “ನಿಮ್ಮ ಆನೆ ಎಲ್ಲಿ?” ಎಂದು ಕೇಳುತ್ತದೆ. ಚೀನಾದ ವಾರದಲ್ಲಿ ನೋಟುಪುಸ್ತಕವು ಕಾಗದದ ಡ್ರ್ಯಾಗನ್ ಮಾಡಿಸಿದೆ. ಬಾದಾಮಿಯಿಂದ ಒಂದು ತಾಸಿನ ದೂರದಲ್ಲಿರುವ ಮಕ್ಕಳಿಗೆ ಹ್ಯೂಯೆನ್‌ತ್ಸಾಂಗನ ಹೆಸರನ್ನೇ ಹೇಳಿಲ್ಲ.

ಹಾಗಾದರೆ ಬೇರೆ ದಾರಿಯೇನು? 2023ರ ಏಪ್ರಿಲ್‌ನಲ್ಲಿ ಅದು ತಾನಾಗಿ ಬಂತು. ಸುಡಾನಿನಲ್ಲಿ ಸೈನ್ಯದ ಎರಡು ಪಡೆಗಳ ನಡುವೆ ಯುದ್ಧ ಶುರುವಾಗಿ, ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನಾಂಗದ ಮೂವತ್ತಕ್ಕೂ ಹೆಚ್ಚು ಮಂದಿ ಅಲ್ಲಿ ಸಿಕ್ಕಿಕೊಂಡರೆಂದು ಟಿವಿಯಲ್ಲಿ ಬಂತು. ಗಿಡಮೂಲಿಕೆಯ ಔಷಧ, ತಲೆಗೆ ಹಚ್ಚುವ ಎಣ್ಣೆ ಮಾರಲು ಅಷ್ಟು ದೂರ ಹೋಗಿದ್ದವರು. ಆಮೇಲೆ ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಸರ್ಕಾರ ಭಾರತೀಯರನ್ನು ಅಲ್ಲಿಂದ ಕರೆತಂದಿತು. ಸುದ್ದಿ ನೋಡುತ್ತ ದೊಡ್ಡವಳು ಕೇಳಿದಳು: “ಆಯಿ, ಸುಡಾನ್ ಯಾವ ವಾರದಾಗ ಬರ್ತದ?” ಪುಸ್ತಕದಲ್ಲಿ ಅದು ಬರುವುದೇ ಇಲ್ಲ. “ನಾನು ಮಾಡಿಸ್ತೀನಿ ನಡಿ” ಎಂದೆ. ಬೇಸಿಗೆಗೆ ನಾನು ಬಾಗಲಕೋಟೆಯಲ್ಲೇ ಇದ್ದೆ.

ಬಾವುಟದಿಂದ ಸುರು ಮಾಡಲಿಲ್ಲ. ರೊಟ್ಟಿಯಿಂದ ಮಾಡಿದೆ. ನಮ್ಮ ಎರೆಹೊಲದ ಬಿಳಿಜೋಳ, ಮಾಲದಂಡಿ, ನಾವು ಹುಟ್ಟಿದಾಗಿನಿಂದ ತಿಂದದ್ದು. ಅದು ಈ ಮಣ್ಣಿನದೇ ಎಂದು ನಾನೂ ನಂಬಿದ್ದೆ. ಆದರೆ ಜೋಳದ ತವರು ಆಫ್ರಿಕ. ಪೂರ್ವ ಸುಡಾನಿನಲ್ಲಿ ಖಶ್ಮ್ ಅಲ್ ಗಿರ್ಬಾ ಎಂಬಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಿಂದಿನ ಮಡಕೆಯ ಚೂರುಗಳಲ್ಲಿ ಕಾಳಿನ ಅಚ್ಚು ಮೂಡಿದೆ. ಮನುಷ್ಯ ಜೋಳವನ್ನು ಪಳಗಿಸಿ ಬೆಳೆದದ್ದಕ್ಕೆ ದೊರೆತ ಬಹಳ ಹಳೆಯ ಸಾಕ್ಷಿ ಅದೆಂದು 2017ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಸುಡಾನಿನ ಹೆಂಗಸರು ಇಂದಿಗೂ ಜೋಳದ ಹಿಟ್ಟನ್ನು ಹುಳಿಬರಿಸಿ, ತೆಳ್ಳಗೆ ಹರಡಿ, ‘ಕಿಸ್ರಾ’ ಎಂಬ ರೊಟ್ಟಿ ಮಾಡುತ್ತಾರೆ. ನಾವು ಬಡಿಯುತ್ತೇವೆ, ಅವರು ಹುಯ್ಯುತ್ತಾರೆ. ಹೊಟ್ಟೆಗೆ ಹೋಗುವುದು ಒಂದೇ ಕಾಳು. ಇಬ್ಬರೂ ಮಕ್ಕಳು ಅಂದು ರೊಟ್ಟಿಯನ್ನು ತಿರುವಿ ತಿರುವಿ ನೋಡಿದರು. ಬೆಣ್ಣೆ ಹಚ್ಚಲೋ ಬೇಡವೋ ಎಂದು ಸಣ್ಣವನು ಯೋಚನೆಗೆ ಬಿದ್ದ.

ಎರಡನೆಯ ದಿನ ಅವರನ್ನು ಹಳೆಯ ಬಾಗಲಕೋಟೆಯ ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋದೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ನೀರು ಘಟಪ್ರಭೆಯ ಈ ದಂಡೆಯವರೆಗೂ ಬಂತು. ನನ್ನ ತವರು ಮನೆಯ ಓಣಿ ಅದರೊಳಗಿದೆ. ನಮ್ಮೂರಿನವರಿಗೆ 519 ಮೀಟರ್ ಎಂದರೆ ಬರೀ ಎತ್ತರವಲ್ಲ, ಯಾರ ಮನೆ ಉಳಿಯಿತು ಯಾರದು ಹೋಯಿತು ಎಂಬ ಲೆಕ್ಕ. 524ರ ಮಾತು ಇನ್ನೂ ಮುಗಿದಿಲ್ಲ. ಮಕ್ಕಳು ಇರುವ ನವನಗರ ಹುಟ್ಟಿದ್ದೇ ಮುಳುಗುವ ಮನೆಗಳವರಿಗಾಗಿ. ಮೂರು ವರ್ಷ ಆ ಮನೆಯಲ್ಲಿ ಕೂತು ಜಗತ್ತು ಸುತ್ತಿದ ಮಕ್ಕಳಿಗೆ ತಮ್ಮ ಮನೆಗೆ ಸೆಕ್ಟರಿನ ನಂಬರು ಏಕಿದೆ, ಓಣಿಯ ಹೆಸರೇಕಿಲ್ಲ ಎಂದು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆ ನೀರಿನ ಕಡೆ ನೋಡುವುದನ್ನೇ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಅಲ್ಲಿ ನಿಂತು ವಾದಿ ಹಲ್ಫಾದ ಕಥೆ ಹೇಳಿದೆ. ನೈಲ್ ನದಿಗೆ ಈಜಿಪ್ಟಿನ ಆಸ್ವಾನಿನಲ್ಲಿ 1960ರಿಂದ 1970ರವರೆಗೆ ಎತ್ತರದ ಅಣೆಕಟ್ಟು ಕಟ್ಟಿದರು. ಹಿನ್ನೀರು ಗಡಿ ದಾಟಿ ಸುಡಾನಿನೊಳಗೂ ನುಗ್ಗಿತು. ಅಬು ಸಿಂಬೆಲ್ಲಿನ ದೇವಾಲಯಗಳನ್ನು 1964ರಿಂದ 1968ರವರೆಗೆ ತುಂಡು ತುಂಡಾಗಿ ಕೊಯ್ದು ಮೇಲಕ್ಕೆತ್ತಿ ಕೂಡಿಸಿದರು. ಲೋಕವೆಲ್ಲ ಹಣ ಕೊಟ್ಟಿತು. ಎರಡೂ ದೇಶಗಳಲ್ಲಿ ಮನೆ ಕಳೆದುಕೊಂಡ ನೂಬಿಯಾದ ಜನ ಸುಮಾರು ಒಂದು ಲಕ್ಷ. ಸುಡಾನಿನ ವಾದಿ ಹಲ್ಫಾ ಪಟ್ಟಣದವರನ್ನು 1964ರ ಜನವರಿಯಿಂದ ರೈಲಿನಲ್ಲಿ ತುಂಬಿ ದೂರದ ಬಯಲಿಗೆ ಒಯ್ದರು. ಹೊಸ ಊರಿನ ಹೆಸರು ನ್ಯೂ ಹಲ್ಫಾ, ಸುತ್ತಲಿನ ಹಳ್ಳಿಗಳಿಗೆ ಹೆಸರಿನ ಬದಲು ನಂಬರು. ಕೆಲವರು ಹೋಗಲೊಲ್ಲೆವೆಂದು ಅಲ್ಲೇ ಉಳಿದು, ನೀರು ಏರಿದಂತೆಲ್ಲ ಗುಡಿಸಲು ಹಿಂದಕ್ಕೆ ಸರಿಸುತ್ತ ಬದುಕಿದರು. ಇನ್ನೊಂದು ಮಾತು. ನ್ಯೂ ಹಲ್ಫಾ ಇರುವುದು ಅದೇ ಖಶ್ಮ್ ಅಲ್ ಗಿರ್ಬಾದ ಸೀಮೆಯಲ್ಲಿ, ನಮ್ಮ ರೊಟ್ಟಿಯ ಜೋಳದ ಗುರುತು ಸಿಕ್ಕಿದ ನೆಲದಲ್ಲಿ.

“ಅಂದ್ರ ಅವರೂ ನವನಗರದವರು” ಎಂದಳು ದೊಡ್ಡವಳು.

ಮೇ ತಿಂಗಳಲ್ಲಿ ಹುನಗುಂದ ತಾಲೂಕಿನ ಕೂಡಲಸಂಗಮಕ್ಕೂ ಹೋದೆವು. ಕೃಷ್ಣೆ ಮಲಪ್ರಭೆ ಕೂಡುವಲ್ಲಿ ಬಸವಣ್ಣನವರ ಐಕ್ಯಮಂಟಪ. ಹಿನ್ನೀರು ತುಂಬಿದಾಗ ಮುಳುಗಬಾರದೆಂದು ಅದರ ಸುತ್ತ ಬಾವಿಯ ಹಾಗೆ ಕಾಂಕ್ರೀಟಿನ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಇಳಿಯುತ್ತ ಸಣ್ಣವನು, “ಇದನ್ಯಾಕ ಅಬು ಸಿಂಬೆಲ್ ಹಂಗ ಮ್ಯಾಲೆ ಎತ್ತಲಿಲ್ಲ?” ಎಂದ. ಹೊರಗೆ ಬಂದ ಮೇಲೆ ದೊಡ್ಡವಳು ಕೇಳಿದ್ದು ಬೇರೆ: “ಗುಡಿ ಉಳಿಸ್ಯಾರ. ನಿಮ್ಮ ಮನೀನ ಯಾಕ ಉಳಿಸಲಿಲ್ಲ ಆಯಿ?” ಇಂಥ ಪ್ರಶ್ನೆಗೆ ಗೈಡಿನಲ್ಲಿ ಉತ್ತರವಿರುವುದಿಲ್ಲ. ಬ್ಯಾಂಡೇಜು ಸುತ್ತಿದ ಈಜಿಪ್ಟಿನ ವಾರದಲ್ಲಿ ಈ ಪ್ರಶ್ನೆ ಹುಟ್ಟುತ್ತಲೂ ಇರಲಿಲ್ಲ.

ಹಾಗೆ ನೋಡಿದರೆ ನಾನು ಹೊಸದೇನೂ ಮಾಡಲಿಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಹೇಳಿದ ಶಿಕ್ಷಣದ ಗುಟ್ಟೂ ಇದೇ. ಕೈಯಲ್ಲಿರುವ ಕಸುಬನ್ನು ಹಿಡಿದು ಉಳಿದೆಲ್ಲ ಪಾಠಕ್ಕೆ ಹೋಗಬೇಕು. ಅಮೆರಿಕದ ಕ್ರಮಕ್ಕೂ ಇದಕ್ಕೂ ಒಂದು ಮುಖ್ಯ ವಿಷಯದ ಸುತ್ತ ಎಲ್ಲವನ್ನೂ ಹೆಣೆಯುವುದು ಸಮಾನ. ಆದರೆ ಗಾಂಧೀಜಿಯ ನೂಲು ಮನೆಯ ತಕಲಿಯಿಂದ ಹೊರಡುತ್ತದೆ. ಕನ್ನಡದಲ್ಲಿ ಲೋಕವನ್ನು ತೋರಿಸಿದ ಕೆಲಸವೂ ಆಗಿದೆ. ನಿರಂಜನರು ಸಂಪಾದಿಸಿದ ‘ವಿಶ್ವಕಥಾಕೋಶ’ದ 25 ಸಂಪುಟಗಳು 1980ರ ದಶಕದ ಆರಂಭದಲ್ಲೇ ನಾನಾ ದೇಶಗಳ ಕಥೆಗಳನ್ನು ನಮ್ಮ ವಾಚನಾಲಯಗಳಿಗೆ ತಂದವು. ಮಕ್ಕಳಿಗೆಂದು ಮಾಡಿದ ಪುಸ್ತಕಗಳಲ್ಲ ಅವು. ಆದರೆ ಅಮ್ಮಂದಿರು ಓದಿ ಹೇಳಬಹುದು. ಕಥೆಯೊಳಗಿನ ಮನುಷ್ಯ ಬಾವುಟ ಹಿಡಿದು ನಿಂತಿರುವುದಿಲ್ಲ. ಅವನಿಗೆ ಹಸಿವೆ, ಹಟ, ಮಗಳ ಮದುವೆಯ ಚಿಂತೆ ಇರುತ್ತವೆ.

ಇಳಕಲ್ಲಿನವಳಾಗಿ ನನ್ನ ತಕರಾರನ್ನು ಸೀರೆಯ ಮಾತಿನಲ್ಲಿ ಹೇಳಿದರೆ ಸುಲಭ. ನಮ್ಮ ಸೀರೆಯ ಮೈ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ, ಅದಿಲ್ಲದೆ ಇಳಕಲ್ ಸೀರೆಯಿಲ್ಲ. ಸೊಸೆಯ ಪುಸ್ತಕದಲ್ಲಿ ನಲವತ್ತು ಚೆಂದದ ಸೆರಗುಗಳಿವೆ. ಕೂಡಿಸಲು ಮೈಯೂ ಇಲ್ಲ, ಕೊಂಡಿಯೂ ಇಲ್ಲ.

ಇದನ್ನು ಬರೆಯುವಾಗ ನಮ್ಮ ಓಣಿಯ ನೇಕಾರರ ಮನೆಯ ಹುಡುಗಿ ನೆನಪಾಗುತ್ತಾಳೆ. ಶಾಲೆ ಮುಚ್ಚಿದ ದಿನಗಳಲ್ಲಿ ಅವಳು ಕಂಡಿಕೆ ಸುತ್ತುತ್ತ ಕೂತಿರುತ್ತಿದ್ದಳು. 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂದಾಗ ಗುಡಿಯ ಕಟ್ಟೆಯ ಮೇಲೆ ಒಂದಿಷ್ಟು ದಿನ ಪಾಠವಾಯಿತು, ಅದೂ ಅಕ್ಟೋಬರಿನಲ್ಲಿ ನಿಂತಿತು. ರಜೆಗೆ ಬಂದ ಮೊಮ್ಮಗಳು ಅವಳಿಗೆ ಚೀನಾದ ಡ್ರ್ಯಾಗನ್ ತೋರಿಸಿದಾಗ ಆ ಹುಡುಗಿ, “ಚೀನಾ ನನಗ ಗೊತ್ತೈತಿ. ರೇಷ್ಮಿ ರೇಟು ಏರಿದ್ರ ನಮ್ಮಪ್ಪ ಚೀನಾ ಚೀನಾ ಅಂತ ಬೈತಾನ” ಎಂದಳು. ಒಬ್ಬಳಿಗೆ ಕಾಗದದ ಚೀನಾ, ಇನ್ನೊಬ್ಬಳಿಗೆ ಅಪ್ಪನ ಮಗ್ಗದ ಮೇಲೆ ಕೂತ ಚೀನಾ. ಆದರೆ ಪುಸ್ತಕ ಆದದ್ದು ಒಬ್ಬಳದೇ. ಓದಿದ ತಾಯಿ, ಬಣ್ಣದ ಕಾಗದಕ್ಕೆ ದುಡ್ಡು, ಮನೆಯಲ್ಲಿ ಒಂದು ಖಾಲಿ ಕೋಣೆ, ಇಷ್ಟಿದ್ದವರಿಗೆ ಮಾತ್ರ ಮನೆಪಾಠ ಸಾಧ್ಯ. ಆ ಇಬ್ಬರು ಹುಡುಗಿಯರು ಒಂದೇ ಬೆಂಚಿನ ಮೇಲೆ ಕೂತಿದ್ದರೆ ಇಬ್ಬರಿಗೂ ಲಾಭವಾಗುತ್ತಿತ್ತು. ಶಾಲೆಯಿಂದ ನಾನು ಕೇಳುವುದು ಅಷ್ಟೇ.

ಪ್ರತಿ ಕೇಳಿದ ಅಮ್ಮಂದಿರಿಗೆ ಕಾಯ್ದೆಯ ಮಾತೂ ಗೊತ್ತಿರಲಿ. 6ರಿಂದ 14 ವರ್ಷದ ಮಕ್ಕಳ ಉಚಿತ, ಕಡ್ಡಾಯ ಶಿಕ್ಷಣದ 2009ರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಹೇಳುವುದೆಲ್ಲ ಶಾಲೆಯನ್ನು ಕುರಿತು. ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದೂ ಅದರಲ್ಲಿದೆ. ನಮ್ಮ ಮಕ್ಕಳು 2023ರ ಜೂನಿನಲ್ಲಿ ಹಾಗೆಯೇ ಸೇರಿದರು. ಮನೆಯಲ್ಲೇ ಓದಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿಯ ಪರೀಕ್ಷೆ ಇದೆ, ಅದಕ್ಕೆ 14 ವರ್ಷವಾಗಿರಬೇಕು.

ಇಷ್ಟು ಬರೆದು, ಎರಡು ದಿನ ದಿಂಬಿನ ಕೆಳಗಿಟ್ಟು, ಕಡೆಗೆ ಸೊಸೆಯ ಕೈಗೆ ಕೊಟ್ಟೆ. ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತೇ ಓದಿದಳು. ಒಲೆಯ ಮೇಲೆ ಹಾಲು ಉಕ್ಕಿತು, ಇಬ್ಬರೂ ನೋಡಲಿಲ್ಲ.

“ಅತ್ತೀ, ನೀವು ಬರದದ್ದು ಖರೆ ಐತಿ” ಎಂದಳು. ಆಮೇಲೆ ಸ್ವಲ್ಪ ತಡೆದು, “ಆದ್ರ ಆಗ ನಾನೊಬ್ಬಾಕೀನ ಇದ್ದೆ. ಹೊರಗ ಆಂಬುಲೆನ್ಸ್ ಸಪ್ಪಳ. ಮಕ್ಕಳು ಕಿಡಕ್ಯಾಗ ನಿಂತು, ಯಾರ್ ಸತ್ರು ಅಂತ ಕೇಳ್ತಿದ್ವು. ಅವನ್ನ ಎಲ್ಲಿಗರೆ ಕರಕೊಂಡು ಹೋಗಬೇಕಿತ್ತು ನನಗ” ಎಂದಳು.

ನನಗೆ ಉತ್ತರ ತೋಚಲಿಲ್ಲ. ವಿಮರ್ಶೆ ಬರೆಯುವವರು ಪುಸ್ತಕದ ಪುಟ ಎಣಿಸುತ್ತೇವೆ, ಅದನ್ನು ಬರೆದ ರಾತ್ರಿಗಳನ್ನು ಎಣಿಸುವುದಿಲ್ಲ. ಕಾಗದದ ದೇಶಗಳಾದರೂ ಅವು ಆ ಮಕ್ಕಳನ್ನು ಕಿಟಕಿಯಿಂದ ಈಚೆ ಕರೆದಿದ್ದವು. ಅದನ್ನು ಈ ಲೇಖನದ ಮೊದಲಿಗೇ ಬರೆಯಬೇಕಿತ್ತು. ಈಗ ಕಡೆಗೆ ಬರೆದಿದ್ದೇನೆ.

ಹಾಲಿನ ಪಾತ್ರೆ ಇಳಿಸಿ ಕಟ್ಟೆ ಒರೆಸುತ್ತ ಸೊಸೆ ಕೇಳಿದಳು: “ಸುಡಾನದ ಪಾಠ ನೀವ ಬರದ್ ಕೊಡ್ತೀರಿ?”

“ಕೊಡ್ತೀನಿ. ಮುನ್ನುಡಿ ಏನ್ ಮಾಡ್ತಿ?”

“ಇದನ್ನ ಹಾಕ್ತೀನಿ. ಆದ್ರ ಮುಂದ ಅಲ್ಲ, ಹಿಂದ. ಮೊದ್ಲ ಓದಿದ್ರ ನನ್ನ ಪುಸ್ತಕ ಯಾರೂ ತಗೊಳ್ಳಂಗಿಲ್ಲ” ಎಂದು ನಕ್ಕಳು.